ಹುಂಜದ ಗುರುತಿನ ಮೂರು ಪಿಸ್ತೂಲು

ಒಬ್ಬ ಮನುಷ್ಯನ ಲೈಸೆನ್ಸಿಗೆ ಮೂರರ ಬದಲು ಎರಡೇ ಬಂದೂಕು ಸಾಕು ಎಂದು ದಿಲ್ಲಿಯಲ್ಲಿ ತೀರ್ಮಾನವಾದಾಗ, ಆಂಧ್ರದ ಗಡಿಯ ರಾಯದುರ್ಗದ ಪೇಟೆ ಬೀದಿಯಲ್ಲಿ ಅದು ಎದೆಗೆ ನಾಟಿದ್ದು ಒಬ್ಬರಿಗೆ ಮಾತ್ರ. ಅವರು ಜೀನ್ಸ್ ಹೊಲಿಸುವ ಸಣ್ಣಬಸಪ್ಪನವರು. ಅವರ ಬಳಿ ಮೂರು ಪಿಸ್ತೂಲುಗಳಿದ್ದವು.

ಹೆಚ್ಚಾದದ್ದನ್ನು ಠಾಣೆಗೆ ಒಪ್ಪಿಸಲು ಸರ್ಕಾರ ಒಂದು ವರ್ಷದ ಗಡುವು ಕೊಟ್ಟಿತ್ತು. ಸಣ್ಣಬಸಪ್ಪನವರು ಕಿಂಚಿತ್ತೂ ಅಳುಕಲಿಲ್ಲ. "ಕಾನೂನು ಅಂದ್ರ ನಮ್ಮೂರ ಮಳಿ ಇದ್ದಂಗ. ಬರ್ತೀನಿ ಬರ್ತೀನಿ ಅಂತೈತಿ, ಬರಂಗಿಲ್ಲ" ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದರು. ಆ ವರ್ಷ ಊರಿಗೆ ರೋಗ ಬಂತು, ಅಂಗಡಿಗಳಿಗೆ ಬೀಗ ಬಿತ್ತು, ಬೆಂಗಳೂರಿಗೆ ದುಡಿಯಲು ಹೋದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ತಿರುಗಿ ಬಂದರು. ಪ್ಯಾಂಟು ಕೇಳುವವರಿಲ್ಲದೆ ಅವರ ಹೊಲಿಗೆ ಯೂನಿಟ್ಟಿನ ಮಿಷನ್ನುಗಳು ಮಾಸ್ಕ್ ಹೊಲಿಯತೊಡಗಿದವು. ಇಷ್ಟೆಲ್ಲ ಬದಲಾದರೂ ಮೂರು ಪಿಸ್ತೂಲು ಮೂರಾಗಿಯೇ ಉಳಿದವು. ಕೊನೆಗೆ ಗಡುವು ಮುಗಿಯುವ ದಿನ ಬೆಳಿಗ್ಗೆ ಪೊಲೀಸ್ ಚಿಕ್ಕತಿಮ್ಮಯ್ಯ ಬಂದು ಯೂನಿಟ್ಟಿನ ಬಾಗಿಲಲ್ಲಿ ನಿಂತ.

"ಎಸ್ಸೈಗಾರು ಕಳಿಸ್ಯಾರ್ರಿ. ಸಾಯಂಕಾಲದೊಳಗ ಒಂದು ತಂದು ಒಪ್ಪಿಸ್ಬೇಕಂತ. ಇಲ್ಲಾಂದ್ರ ನಾನ ಬಂದು ಕರ್ಕೊಂಡು ಹೋಗಬೇಕಾಗತೈತಿ."

"ಪಿಸ್ತೂಲನ್ನೋ, ನನ್ನನ್ನೋ?"

"ಅದು ನಿಮ್ಮ ಮ್ಯಾಲ ಐತ್ರಿ" ಎಂದು ಚಿಕ್ಕತಿಮ್ಮಯ್ಯ ವಿನಯದಿಂದಲೇ ಹೇಳಿ ಸೈಕಲ್ ಹತ್ತಿದ.

ಸಣ್ಣಬಸಪ್ಪನವರು ಯಾರ ಮೇಲೂ ಗುಂಡು ಹಾರಿಸಿದವರಲ್ಲ, ಹಾರಿಸುವವರೂ ಅಲ್ಲ. ಜೀವಮಾನದಲ್ಲಿ ಒಮ್ಮೆ, ಅನಂತಪುರದ ಪೊಲೀಸ್ ಮೈದಾನದಲ್ಲಿ, ಒಂದು ಮಣ್ಣಿನ ದಿಬ್ಬಕ್ಕೆ ಹೊಡೆದಿದ್ದರು. ದಿಬ್ಬಕ್ಕೆ ತಗುಲಿತ್ತು. ಅದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರ ಪ್ರೀತಿಯೆಲ್ಲ ಯಂತ್ರದ ಮೇಲೆ. ಅದರಲ್ಲೂ ಒಂದೇ ಕಂಪನಿಯ ಯಂತ್ರದ ಮೇಲೆ. ಯುರೋಪಿನ ಯಾವುದೋ ಚಳಿದೇಶದಲ್ಲಿದ್ದು, ಎಂದೋ ಬಾಗಿಲು ಹಾಕಿದ ಕ್ರೋನರ್ ಎಂಬ ಕಂಪನಿ ಅದು. ಅದು ಮಾಡಿದ ಪಿಸ್ತೂಲಿನ ಹಿಡಿಕೆಯ ಮೇಲೆ ಕತ್ತು ಚಾಚಿದ ಒಂದು ಹುಂಜದ ಗುರುತು ಇರುತ್ತಿತ್ತು. ಮೊದಲನೆಯದು ಅಪ್ಪನಿಂದ ಬಂದದ್ದು. ಉಳಿದೆರಡನ್ನು ಸಣ್ಣಬಸಪ್ಪನವರು ಲೈಸೆನ್ಸ್ ಹಿಡಿದು ಹೈದರಾಬಾದು, ಬಳ್ಳಾರಿ ಅಲೆದು, ಬೇರೆ ಕಂಪನಿಯವು ಎಷ್ಟು ಸಿಕ್ಕರೂ ಮುಟ್ಟದೆ, ಹುಂಜವನ್ನೇ ಹುಡುಕಿ ತಂದಿದ್ದರು.

"ರಿವಾಲ್ವರ್ ಅಂದ್ರ ಕಾಲಾಗ ತುಳಿಯೋ ಮಿಷನ್. ಇದು ಕರೆಂಟ್ ಮಿಷನ್. ಒಂದು ಗುಂಡು ಹೋತಂದ್ರ ಇನ್ನೊಂದು ತಾನ ಮ್ಯಾಲ ಬಂದು ಕೂಡತೈತಿ. ನಮ್ಮದೇನಿದ್ರೂ ಬೆರಳು ಒತ್ತೋದು" ಎಂದು ಅವರು ವಿವರಿಸುವಾಗ, ಮದುವೆ ಮನೆಯಲ್ಲಿ ಮಗಳ ಗುಣ ಹೇಳುವ ತಂದೆಯಂತೆ ಕಾಣುತ್ತಿದ್ದರು. ಹೆಸರೂ ಹಾಗೆಯೇ ಇಟ್ಟಿದ್ದರು: ಹಿರೇದು, ನಡುವಿಂದು, ಕಿರೇದು. ಹಿರೇದು ಅಪ್ಪನ ಕಾಲದ ಭಾರದ ಸಾಮಾನು, ಆಗಾಗ ಮುನಿಸಿಕೊಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ನಡುವಿಂದು ಕಪ್ಪಗೆ, ದಿಟ್ಟವಾಗಿ, ಹೇಳಿದ ಕೆಲಸ ಮಾಡುವಂಥದ್ದು. ಕಿರೇದು ಬೆಳ್ಳಗೆ ಹೊಳೆಯುವ ಮೈಯದ್ದು, ಅಂಗೈಯಲ್ಲಿ ಅಡಗುವಷ್ಟು ಪುಟ್ಟದು. ಅದೆಂದರೆ ಅವರಿಗೆ ಪ್ರಾಣ. ಭಾನುವಾರ ಮೂರಕ್ಕೂ ಎಣ್ಣೆಯ ಸೇವೆ ನಡೆಯುತ್ತಿತ್ತು. ಅವರ ತಲೆಗೆ ಎಣ್ಣೆ ಬಿದ್ದು ಎಷ್ಟು ಕಾಲವಾಗಿತ್ತೋ, ಹೆಂಡತಿ ಅಂಬಮ್ಮನಿಗೇ ಗೊತ್ತಿರಲಿಲ್ಲ.

ಮೂರರಲ್ಲಿ ಒಂದನ್ನು ಆರಿಸುವುದು ದೊಡ್ಡ ಮಾತೇನಲ್ಲ ಎಂದುಕೊಂಡು ಸಣ್ಣಬಸಪ್ಪನವರು ಮೂರನ್ನೂ ಬೇರೆಯವರ ಕೈಲಿ ತರಿಸದೆ, ತಾವೇ ಮನೆಗೆ ಹೋಗಿ ಬುತ್ತಿಚೀಲದಲ್ಲಿ ಹಾಕಿಕೊಂಡು ಬಂದರು. ಬಟ್ಟೆ ಕತ್ತರಿಸುವ ಉದ್ದನೆಯ ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟು, ಕನ್ನಡಕ ಹಾಕಿಕೊಂಡು ನಿಂತರು. ಮಿಷನ್ನುಗಳು ಒಂದೊಂದಾಗಿ ನಿಂತವು. ಹೊಲಿಯುವವರೆಲ್ಲ ಎದ್ದು ಬಂದು ಸುತ್ತ ನೆರೆದರು.

ಕಟಿಂಗ್ ಮಾಸ್ತರ ಹನುಮಂತರಾಯಪ್ಪ ರೊಳ್ಳದ ಕಡೆಯವನು, ಕುರಿ ಸಾಕಿದ ಮನೆತನ. ಅವನಿಗೆ ಇದು ಕ್ಷಣದ ಕೆಲಸವೆನಿಸಿತು.

"ಇದಕ್ಕೆ ಯೋಚ್ನೆ ಯಾಕೆ ಸಾವ್ಕಾರ್ರೇ. ಮಂದೇಲಿ ಮುದಿಯಾದದ್ದನ್ನ ಮೊದ್ಲು ಸಂತೆಗೆ ಹೊಡೀಬೇಕು. ಈ ದೊಡ್ಡದನ್ನ ಕೊಟ್ಬಿಡಿ."

"ಅದು ಅವರಪ್ಪಾರದು" ಎಂದಳು ಗುಂಡಿ ಹಚ್ಚುವ ಹೆಂಗಸು. "ಅಪ್ಪಾರ ಸಾಮಾನು ಠಾಣ್ಯಾಗ ಇಡೋದಂದ್ರ ಅಪ್ಪಾರನ್ನ ಠಾಣ್ಯಾಗ ಕುಂಡ್ರಿಸಿದಂಗ ಆಗತೈತಿ."

ಸಣ್ಣಬಸಪ್ಪನವರ ಕಣ್ಣಿಗೆ ಕಚ್ಚೆ ಪಂಚೆಯುಟ್ಟ ತಂದೆಯವರು ಠಾಣೆಯ ಬೆಂಚಿನ ಮೇಲೆ ಕೂತಂತೆ ಕಂಡಿತು. ಹಿರೇದನ್ನು ಹಿಂದಕ್ಕೆ ಸರಿಸಿದರು. ನಡುವಿಂದನ್ನು ಕೊಡೋಣವೆಂದರೆ ಅದೊಂದೇ ನೆಟ್ಟಗೆ ಕೆಲಸ ಮಾಡುವುದು. ದುಡಿಯುವ ಮಗನನ್ನು ಯಾರಾದರೂ ದತ್ತು ಕೊಡುತ್ತಾರೆಯೆ? ಕಿರೇದರ ಕಡೆ ಅವರು ನೋಡಲೇ ಇಲ್ಲ. ಒಬ್ಬರು ಇದೆಂದರು, ಇನ್ನೊಬ್ಬರು ಅದೆಂದರು, ಊಟದ ಹೊತ್ತಾಯಿತು. ಒಂದು ಮಾಸ್ಕೂ ಹೊಲಿದಾಗಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಹೊರಗೆ ಹೋಗಿತ್ತು. ಯೂನಿಟ್ಟಿನ ಬಾಗಿಲಲ್ಲಿ ಅದು "ಸಣ್ಣಬಸಪ್ಪನವರು ಪಿಸ್ತೂಲು ಇಟ್ಟುಕೊಂಡು ಯೋಚನೆ ಮಾಡ್ತಾ ನಿಂತಾರ" ಎಂದಿತ್ತು. ಚಹಾದ ಅಂಗಡಿ ದಾಟುವಾಗ "ಪಿಸ್ತೂಲು ಹಿಡಕೊಂಡು ನಿಂತಾರ" ಎಂದಾಯಿತು. ಮಾಸ್ಕ್ ಒಯ್ಯಲು ಬರುತ್ತಿದ್ದ ವ್ಯಾಪಾರಿ ಅಲ್ಲಿಂದಲೇ ಗಾಡಿ ತಿರುಗಿಸಿದ. ಸುದ್ದಿ ಸಣ್ಣಬಸಪ್ಪನವರ ಮನೆ ಮುಟ್ಟುವ ವೇಳೆಗೆ, ವ್ಯಾಪಾರ ಕೆಟ್ಟ ದುಃಖಕ್ಕೆ ಅವರು ತಮಗೆ ತಾವೇ ಗುಂಡು ಹಾಕಿಕೊಳ್ಳಲಿದ್ದಾರೆ, ಯಾವ ಪಿಸ್ತೂಲಿನಿಂದ ಎಂಬುದೊಂದೇ ಇತ್ಯರ್ಥವಾಗಿಲ್ಲ ಎಂಬಲ್ಲಿಗೆ ಬಂದು ನಿಂತಿತ್ತು.

ಈ ಸುದ್ದಿ ಕೇಳಿ ಯೂನಿಟ್ಟಿಗೆ ಓಡಿಬಂದವನು ಪಕ್ಕದ ಮನೆಯ ವಕೀಲ ವಾಗೀಶ್. ಟೇಬಲ್ ನೋಡಿ, ವಿಷಯ ತಿಳಿದು, ಉಸಿರು ಬಿಟ್ಟು ನಕ್ಕ.

"ಅಣ್ಣಾರ, ಕಾನೂನು ಏನಂತೈತಿ? ಒಬ್ಬರಿಗೆ ಎರಡು. ಒಂದು ಮನಿಗೆ ಎರಡು ಅಂದಿಲ್ಲಲ್ಲ. ಮೂರನೇದು ಅಕ್ಕಾರ ಹೆಸರಿಗೆ ಲೈಸೆನ್ಸ್ ಕೇಳ್ರಿ. ಇವತ್ತು ಒಂದನ್ನ ಠಾಣ್ಯಾಗ ಇಟ್ಟು, ಅಲ್ಲೇ ಅರ್ಜಿ ಕೊಡೋಣ. ಲೈಸೆನ್ಸ್ ಬಂತಂದ್ರ ಪಿಸ್ತೂಲು ತಿರುಗಿ ನಿಮ್ಮ ಮನಿಗೇ ಬರತೈತಿ."

ಸಣ್ಣಬಸಪ್ಪನವರ ಮುಖ ಟ್ಯೂಬ್‌ಲೈಟಿನ ಹಾಗೆ ಎರಡು ಸಲ ಮಿಟುಕಿ ಆಮೇಲೆ ಪೂರ್ತಿ ಬೆಳಗಿತು. "ನಾನೂ ಅದನ್ನ ಯೋಚನೆ ಮಾಡ್ತಿದ್ದೆ ನೋಡು" ಎಂದರು.

ಬುತ್ತಿಚೀಲ ಹಿಡಿದು ಇಬ್ಬರೂ ಮನೆಗೆ ಬಂದರೆ ಬಾಗಿಲ ತುಂಬ ಚಪ್ಪಲಿ. ಒಳಗೆ ಬೀದಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ಕೂತಿದ್ದರು. ಮುಂದಾಳು ವಾಗೀಶನ ಹೆಂಡತಿ ವಿಜಯಲಕ್ಷ್ಮಿ. ಅಂಬಮ್ಮ ಮಾತ್ರ ನಡುವೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಹೆಂಗಸರಿಗಿಂತ ಅವರ ಕಣ್ಣಲ್ಲೇ ನೀರು ಹೆಚ್ಚಿತ್ತು, ಆದರೆ ಅದು ಉಳ್ಳಾಗಡ್ಡಿಯದು.

"ನಾ ಆಗಲಿಂದ ಹೇಳಾಕ ಹತ್ತೀನಿ" ಎಂದು ಅವರು ಹೆಂಗಸರಿಗೆ ಹೇಳುತ್ತಿದ್ದರು. "ನಮ್ಮ ಮನಿಯವರು ಹಂಗ ಮಾಡ್ಕೊಳ್ಳೋ ಮನಷ್ಯಾ ಅಲ್ಲ. ಮಾಡ್ಕೊಂಡ್ರೂ ತಗಲಂಗಿಲ್ಲ."

ಗಂಡ ಹೊಸ್ತಿಲಲ್ಲಿ ನಿಂತದ್ದು ಕಂಡು, "ಬಂದ್ರು ನೋಡ್ರಿ" ಎಂದು ಈಳಿಗೆ ಮಡಚಿದರು. ಹೆಂಗಸರ ಮುಖದಲ್ಲಿ ಸಮಾಧಾನವಿತ್ತು, ಸ್ವಲ್ಪ ನಿರಾಸೆಯೂ ಇತ್ತು. ಅಳಲು ಬಂದು ಅಳದೆ ಹೋಗುವುದು ಸುಲಭವಲ್ಲ. ಅವರು ಹೋಗಲಿಲ್ಲ.

ವಾಗೀಶ ವಿಷಯ ಬಿಡಿಸಿ ಹೇಳಿದ. ಅಂಬಮ್ಮ ಕೇಳಿ, "ನನಗ ಬ್ಯಾಡ" ಎಂದರು.

"ಬರೇ ಹೆಸರಿಗೆ ಅಷ್ಟ" ಎಂದರು ಸಣ್ಣಬಸಪ್ಪನವರು.

"ಈ ಮನ್ಯಾಗ ಎಲ್ಲಾ ನನ್ನ ಹೆಸರಿಗೆ ಅಷ್ಟ. ಗ್ಯಾಸು ನನ್ನ ಹೆಸರಿಗೆ, ರೇಷನ್ ಕಾರ್ಡು ನನ್ನ ಹೆಸರಿಗೆ. ಸಾಲಿನ್ಯಾಗ ನಿಲ್ಲಾಕೂ ನಾನ. ಇದಕ್ಕೂ ಸಾಲು ಐತೇನು?"

"ಸಾಲಿಲ್ಲ ಅಕ್ಕಾರ, ಎಸ್ಸೈ ಎರಡು ಮಾತು ಕೇಳ್ತಾನ, ಅಷ್ಟ" ಎಂದ ವಾಗೀಶ.

ಗಂಡನ ಮುಖ ನೋಡಿದರೆ, ಜಾತ್ರೆಯಲ್ಲಿ ಪೀಪಿ ಕೇಳುವ ಮಗುವಿನ ಮುಖ. ಅಂಬಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಸರಿ. ಯಾವುದು ನನ್ನ ಹೆಸರಿಗೆ?"

"ಹಿರೇದು" ಎಂದು ಸಣ್ಣಬಸಪ್ಪನವರು ಉದಾರವಾಗಿ ನುಡಿದರು.

"ಯಾವುದು, ಸಿಕ್ಕಿಹಾಕ್ಕೊಳ್ಳೋದೇ? ಕೆಟ್ಟದ್ದೆಲ್ಲ ನನಗ. ತಗೀರಿ ಹೊರಗ, ನಾನ ನೋಡ್ತೀನಿ."

ಬುತ್ತಿಚೀಲ ತೆರೆಯಿತು. ಖಾಲಿ ಪಿಸ್ತೂಲುಗಳು ಚಾಪೆಯ ಮೇಲೆ ಬಂದವು. ಹೆಂಗಸರು ಮೊದಲು ಗೋಡೆಗೆ ಸರಿದರು, ಆಮೇಲೆ ಮುಂದೆ ಬಾಗಿದರು, ಕೊನೆಗೆ ಸೀರೆ ಅಂಗಡಿಯಲ್ಲಿ ಕೂತಂತೆ ಕೂತರು. ಅಂಬಮ್ಮ ಹಿರೇದನ್ನು ಎತ್ತಿ, "ರುಬ್ಬೋ ಗುಂಡು ಇದ್ದಂಗ ಐತಿ" ಎಂದು ಪಕ್ಕಕ್ಕಿಟ್ಟರು. ನಡುವಿಂದರ ಬಗ್ಗೆ "ಪರವಾಗಿಲ್ಲ, ಬಣ್ಣ ಮಾಸಂಗಿಲ್ಲ" ಎಂದರು. ಕಿರೇದನ್ನು ಅವರು ಕೈಗೆತ್ತಿಕೊಂಡದ್ದೇ ತಡ, ವಿಜಯಲಕ್ಷ್ಮಿ, "ಅಕ್ಕಾರ, ಇದು ನಿಮ್ಮ ಕೈಗೆ ಒಪ್ಪತೈತ್ರಿ" ಎಂದಳು. ಹತ್ತಾರು ತಲೆಗಳು ಹೌದೆಂದವು.

"ಇದ ಇರಲಿ" ಎಂದರು ಅಂಬಮ್ಮ.

ಸಣ್ಣಬಸಪ್ಪನವರು ಕಿರೇದರ ಕಡೆ ಕೈ ಚಾಚಿ ಹಿಂದಕ್ಕೆಳೆದುಕೊಂಡರು. ಆದರೆ ಅವರು ಲೆಕ್ಕ ಹಾಕಿದರು. ಹೇಗಿದ್ದರೂ ಹೆಸರಿಗಷ್ಟೆ. ಮನೆ ಒಂದೇ, ಎಣ್ಣೆ ಒಂದೇ, ಭಾನುವಾರ ಒಂದೇ. "ನಿನ್ನಿಷ್ಟ" ಎಂದು ದೊಡ್ಡ ಮನಸ್ಸಿನಿಂದ ಒಪ್ಪಿದರು.

ಸಂಜೆ ನಾಲ್ವರೂ ಠಾಣೆಗೆ ಹೋದರು, ಯಾಕೆಂದರೆ ವಿಜಯಲಕ್ಷ್ಮಿಯನ್ನು ಬಿಟ್ಟು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಎಸ್ಸೈ ರಘುನಾಥ್ ಮಡಕಶಿರದ ಹುಡುಗ. ಕಾಗದಪತ್ರ ತೆಲುಗಿನಲ್ಲಿ, ಮಾತು ಕನ್ನಡದಲ್ಲಿ. ಲೈಸೆನ್ಸಿನ ನಂಬರಿಗೂ ಪಿಸ್ತೂಲಿನ ನಂಬರಿಗೂ ತಾಳೆ ನೋಡಬೇಕೆಂದು ಮೂರನ್ನೂ ಮೇಜಿನ ಮೇಲಿಡಿಸಿದ.

"ಎಲ್ಲಾ ಒಂದೇ ಕಂಪ್ನಿದು, ಅಲ್ವೆ" ಎಂದ ಸುಮ್ಮನೆ ಮಾತಿಗೆ.

ಆ ಒಂದು ಮಾತು ಸಾಕಾಯಿತು. ಇಂಥ ಪ್ರಶ್ನೆಯನ್ನು ಇಷ್ಟು ದೊಡ್ಡ ಅಧಿಕಾರಿ ಯಾವತ್ತೂ ಅವರಿಗೆ ಕೇಳಿರಲಿಲ್ಲ. ಸಣ್ಣಬಸಪ್ಪನವರು ಎದ್ದು ನಿಂತು ಹುಂಜದ ಮಹಿಮೆ ತೋರಿಸಲು ಹಿರೇದನ್ನು ಕೈಗೆತ್ತಿಕೊಂಡರು. "ನೋಡ್ರಿ ಸಾರ್, ಒಂದು ಮೊಳೆ ಇಲ್ಲ, ಒಂದು ತಿರುಪು ಇಲ್ಲ. ಹಿಂಗ ಎಳೆದ್ರ, ಹಿಂಗ ತಿರುವಿದ್ರ, ಪೂರ್ತಿ ಬಿಚ್ಚಿಕೊಂತೈತಿ."

ಪೂರ್ತಿ ಬಿಚ್ಚಿಕೊಂಡಿತು. ಒಳಗಿನ ಸ್ಪ್ರಿಂಗು ಚಿಮ್ಮಿ, ಎಸ್ಸೈಯ ಟೋಪಿಯ ಮೇಲಿನಿಂದ ಹಾರಿ, ಗೋಡೆಗೆ ಟಣ್ಣೆಂದು ಬಡಿದು, ಎಲ್ಲೋ ಬಿತ್ತು.

"ಇಲ್ಲೇ ಐತಿ, ಎಲ್ಲಿ ಹೋಗತೈತಿ" ಎಂದು ಸಣ್ಣಬಸಪ್ಪನವರು ಮೊಣಕಾಲೂರಿ ಮೇಜಿನ ಕೆಳಗೆ ನುಸುಳಿದರು. ಚಿಕ್ಕತಿಮ್ಮಯ್ಯ ಬೀರುವಿನ ಅಡಿಗೆ ಲಾಠಿ ಆಡಿಸಿದ. ವಾಗೀಶ ಕಪ್ಪು ಕೋಟಿನಲ್ಲೇ ಬೆಂಚಿನ ಕೆಳಗೆ ಹೋದ. ಮೇಲೆ ಉಳಿದವರು ಇಬ್ಬರು ಹೆಂಗಸರು ಮತ್ತು ಎಸ್ಸೈ. ಅವನು ಹೊತ್ತು ಕಳೆಯುವುದೇಕೆಂದು ಅಂಬಮ್ಮನ ವಿಚಾರಣೆ ಶುರು ಮಾಡಿದ. ಮೇಜಿನ ಕೆಳಗಿದ್ದ ಸಣ್ಣಬಸಪ್ಪನವರಿಗೆ ಹೆಂಡತಿಯ ಪಾದ ಕಾಣುತ್ತಿತ್ತು, ಮಾತು ಕೇಳುತ್ತಿತ್ತು.

"ಹೇಳಮ್ಮಾ, ನಿಮಗ್ಯಾಕೆ ಪಿಸ್ತೂಲು?"

"ನನಗ್ಯಾಕ್ರಿ. ಅವರಿಗೆ ಬೇಕಾಗೈತಿ."

ಬೆಂಚಿನ ಕೆಳಗಿನಿಂದ ವಾಗೀಶ ಜೋರಾಗಿ ಕೆಮ್ಮಿದ. ವ್ಯಾಪಾರ, ದಾರಿಭಯ ಎಂದು ಅವನು ಆಟೋದಲ್ಲಿ ಪಾಠ ಹೇಳಿಕೊಟ್ಟದ್ದೆಲ್ಲ ನೀರಲ್ಲಿ ಹೋಮವಾಗಿತ್ತು.

"ಹಂಗಲ್ಲ. ನಿಮ್ಮ ಜೀವಕ್ಕೆ ಯಾರಿಂದಾನಾ ಭಯ ಐತಾ ಅಂತ ಬರೀಬೇಕು."

ಅಂಬಮ್ಮ ಪ್ರಾಮಾಣಿಕವಾಗಿ ಯೋಚಿಸಿದರು. "ಮನ್ಯಾಗ ಪಿಸ್ತೂಲು ಇಟ್ಕೊಂಡವರು ಒಬ್ಬರ ಅದಾರ್ರಿ."

ಮೇಜು ಧಡ್ಡೆಂದಿತು. ಕೆಳಗೆ ಸಣ್ಣಬಸಪ್ಪನವರ ತಲೆ ತಗುಲಿತ್ತು.

"ಅವ್ರು ಯಾವತ್ತಾನಾ ಹೆದರ್ಸಿದ್ದಾರಾ?" ಎಂದ ರಘುನಾಥ್, ಮಾಸ್ಕಿನೊಳಗೆ ನಗುತ್ತ.

"ಇಲ್ರಿ ಪಾಪ. ಹೊಡೀಬೇಕಂದ್ರ ಮೊದಲ ಬಿಚ್ಚಬೇಕು, ಒರಸಬೇಕು, ಎಣ್ಣಿ ಹಚ್ಚಬೇಕು. ಅಷ್ಟೊತ್ತಿಗೆ ನಾ ತವರಮನಿ ಮುಟ್ಟಿ ಊಟ ಮಾಡಿರ್ತೀನಿ."

ಎಸ್ಸೈ ಪೆನ್ನು ಕೆಳಗಿಟ್ಟು ಕಣ್ಣು ಒರೆಸಿಕೊಂಡ. ಆಮೇಲೆ ಗಂಭೀರನಾಗಿ ಹೇಳಿದ, "ನೋಡಮ್ಮಾ, ಒಂದು ವಿಷ್ಯ ತಿಳ್ಕೊಳ್ಳಿ. ಲೈಸೆನ್ಸ್ ನಿಮ್ಮ ಹೆಸರಿಗೆ ಬಂದ್ರೆ ಅದು ನಿಮ್ದೇ. ನೀವೇ ಬೀಗ ಹಾಕಿ ಇಡಬೇಕು. ಕೀ ನಿಮ್ಮತ್ರಾನೇ ಇರಬೇಕು. ಬೇರೆ ಯಾರ ಕೈಗೂ ಕೊಡಂಗಿಲ್ಲ."

"ಇವರ ಕೈಗೂ ಕೊಡಂಗಿಲ್ಲೇನ್ರಿ?"

"ಯಜಮಾನ್ರಾದ್ರೂ ಅಷ್ಟೇ. ಮುಟ್ಟಂಗಿಲ್ಲ."

ಮೇಜಿನ ಕೆಳಗೆ ಸಣ್ಣಬಸಪ್ಪನವರು ಹೆಂಡತಿಯ ಹೆಬ್ಬೆರಳು ನೆಲವನ್ನು ಮೆಲ್ಲಗೆ ತಟ್ಟುವುದನ್ನು ಕಂಡರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆ ಬೆರಳನ್ನು ಗಮನಿಸಿರಲಿಲ್ಲ, ಗಮನಿಸಿದ್ದರೆ ಅಂದೇ ಎಚ್ಚೆತ್ತುಕೊಳ್ಳುತ್ತಿದ್ದರು.

"ಹಂಗಾದ್ರ ಬರ್ಕೊಳ್ರಿ" ಎಂದರು ಅಂಬಮ್ಮ. "ವ್ಯಾಪಾರಸ್ಥರ ಮನಿ. ದಾರಿಭಯ ಐತಿ. ಎಲ್ಲಿ ಸಂತಕ ಮಾಡಬೇಕು?" ಎಂದು ಸಹಿ ಹಾಕಲು ಪೆನ್ನು ಎತ್ತಿಕೊಂಡರು.

ಸ್ಪ್ರಿಂಗು ವಿಜಯಲಕ್ಷ್ಮಿಯ ಸೆರಗಿನ ಮಡಿಕೆಯಲ್ಲಿ ಸಿಕ್ಕಿತು. ಕಿರೇದು ಠಾಣೆಯಲ್ಲಿ ಉಳಿಯಿತು. ಹಣೆಯ ಮೇಲೆ ನಿಂಬೆಕಾಯಿಯಂಥ ಬುಗುಟು ಹೊತ್ತು ಮನೆಗೆ ನಡೆದರೂ ಸಣ್ಣಬಸಪ್ಪನವರು ಗೆದ್ದವರ ಹಾಗೆಯೇ ನಡೆದರು. "ಸರ್ಕಾರ ರಂಗೋಲಿ ಕೆಳಗ ತೂರಿದ್ರ ನಾವು ಅದರ ಚುಕ್ಕಿ ಕೆಳಗ ತೂರಬೇಕು" ಎಂದು ದಾರಿಯುದ್ದಕ್ಕೂ ವಾಗೀಶನಿಗೆ ಬುದ್ಧಿ ಹೇಳಿದರು. ಆ ಬುದ್ಧಿ ಅವನದೇ ಎಂಬುದನ್ನು ವಾಗೀಶ ನೆನಪಿಸಲಿಲ್ಲ.

ಮಾಸ್ಕ್ ಹೋಗಿ ಮತ್ತೆ ಜೀನ್ಸ್ ಬರುವ ವೇಳೆಗೆ ಲೈಸೆನ್ಸ್ ಬಂತು. ಅದಕ್ಕೂ ಮೊದಲು ಅಂಬಮ್ಮ ಅನಂತಪುರಕ್ಕೆ ಹೋಗಿ ಪೊಲೀಸರ ಹತ್ತಿರ ಹಿಡಿಯುವುದು, ಬಿಚ್ಚುವುದು, ಜೋಡಿಸುವುದು ಕಲಿತು ಬಂದಿದ್ದರು. ಠಾಣೆಯಿಂದ ಕಿರೇದನ್ನು ತಂದವರೂ ಅವರೇ. ತಂದವರು ನೇರವಾಗಿ ಹೋಗಿ ತವರಿನಿಂದ ಬಂದಿದ್ದ ತಮ್ಮ ಸೀರೆಯ ಬೀರುವಿನಲ್ಲಿಟ್ಟು, ಬೀಗ ಹಾಕಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಒಂದು ಸಲ ಕೊಡಿಲ್ಲಿ, ನೋಡ್ತೀನಿ" ಎಂದರು ಸಣ್ಣಬಸಪ್ಪನವರು.

"ಕೊಡಂಗಿಲ್ರಿ. ನೀವೂ ಅಲ್ಲೇ ಇದ್ರಿ, ಮೇಜಿನ ಕೆಳಗ. ಕೇಳಿಸ್ಕೊಂಡಿಲ್ಲೇನು?"

ತಮಾಷೆ ಎಂದುಕೊಂಡರು. ಭಾನುವಾರ ಬಂತು. ತಮಾಷೆಯಾಗಿರಲಿಲ್ಲ. ಇನ್ನೊಂದು ಭಾನುವಾರ ಅಂಬಮ್ಮ ಬಾಗಿಲು ಹಾಕಿಕೊಂಡು ಒಳಗೆ ತಾವೇ ಎಣ್ಣೆ ಹಚ್ಚುವ ವಾಸನೆ ಬಂತು. ಸಣ್ಣಬಸಪ್ಪನವರು ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು, "ಜಾಸ್ತಿ ಹಚ್ಚಬ್ಯಾಡ" ಎಂದರು. "ಗೊತ್ತೈತಿ" ಎಂದು ಒಳಗಿನಿಂದ ಉತ್ತರ ಬಂತು. ಅವರಿಗೆ ಊಟ ಸೇರದಾಯಿತು. ವಾಗೀಶನನ್ನು ಕೇಳಿದರೆ, "ಅಕ್ಕಾರು ಹೇಳೋದು ಕಾನೂನು ಪ್ರಕಾರ ಸರಿ ಐತಿ ಅಣ್ಣಾರ" ಎಂದು ಕೈ ಚೆಲ್ಲಿದ.

ಕೊನೆಗೆ ರಾಜಿಯ ಮಾತು ಅಂಬಮ್ಮನ ಕಡೆಯಿಂದಲೇ ಬಂತು.

"ಒಬ್ಬರಿಗೆ ಎರಡು ಅಂತ ಐತಲ್ರಿ. ನನ್ನ ಹತ್ರ ಒಂದ ಐತಿ. ಆ ನಡುವಿಂದನ್ನೂ ನನ್ನ ಹೆಸರಿಗೆ ಮಾಡ್ರಿ. ಭಾನುವಾರಕ್ಕೊಮ್ಮೆ ಎರಡನ್ನೂ ಹೊರಗ ತೆಗೀತೀನಿ. ನೀವು ಎದುರಿಗೆ ಕುಂತು ನೋಡ್ರಿ."

"ಮುಟ್ಟಬಹುದೇನು?"

"ನೋಡ್ರಿ ಅಂದೆ."

ಸಣ್ಣಬಸಪ್ಪನವರು ಮೂರು ದಿನ ಬಿಗಿಯಾಗಿದ್ದರು. ನಾಲ್ಕನೆಯ ದಿನ ವಾಗೀಶನ ಜೊತೆ ಹೋಗಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಬಂದರು. ಕಿರೇದರ ಮುಖ ನೋಡದೆ ಇರುವುದಕ್ಕಿಂತ ನಡುವಿಂದನ್ನು ಧಾರೆಯೆರೆದು ಕೊಡುವುದು ಲೇಸೆನಿಸಿತ್ತು. ಅವರ ಪಾಲಿಗೆ ಉಳಿದದ್ದು ಹಿರೇದು. ಬಿಚ್ಚಿದ ಮೇಲೆ ಅದು ಸರಿಯಾಗಿ ಕೂಡಿಕೊಂಡಿರಲಿಲ್ಲ.

ಮುಂದಿನ ಬೇಸಿಗೆಯ ಒಂದು ಭಾನುವಾರ ಬಳ್ಳಾರಿಯಿಂದ ಒಂದು ಕಾರು ಬಂದು ಮನೆಯ ಮುಂದೆ ನಿಂತಿತು. ಬಿಳಿಯ ಅಂಗಿ ತೊಟ್ಟ ಹಿರಿಯರೊಬ್ಬರು ಇಳಿದರು. ದೊಡ್ಡಮಲ್ಲಪ್ಪ ಎಂದು ಹೆಸರು ಹೇಳಿಕೊಂಡರು. ತಮಗೂ ಹಳೆಯ ಪಿಸ್ತೂಲುಗಳ ಹುಚ್ಚು, ಹುಂಜದ ಗುರುತಿನವು ಈ ಸೀಮೆಯಲ್ಲಿ ಇದೊಂದೇ ಮನೆಯಲ್ಲಿವೆ ಎಂದು ಕೇಳಿ ನೋಡಲು ಬಂದೆ ಎಂದರು.

ಇಂಥ ಒಂದು ದಿನಕ್ಕಾಗಿ ಸಣ್ಣಬಸಪ್ಪನವರು ಇಪ್ಪತ್ತು ವರ್ಷ ಕಾದಿದ್ದರು. ಅಂಗಿಯ ಗುಂಡಿ ಹಾಕಿಕೊಂಡರು, ಎದೆ ಮುಂದೆ ಮಾಡಿದರು, ಕರೆಂಟ್ ಮಿಷನ್ನಿನ ವಿವರಣೆಯನ್ನು ನಾಲಿಗೆಯ ತುದಿಗೆ ತಂದುಕೊಂಡರು.

"ಬರ್ರಿ ಬರ್ರಿ. ಸರಿಯಾದ ಮನಿಗೇ ಬಂದೀರಿ."

"ಸಂತೋಷ ಆತ್ರಿ" ಎಂದರು ದೊಡ್ಡಮಲ್ಲಪ್ಪನವರು ಚಪ್ಪಲಿ ಬಿಡುತ್ತ, ಅವರ ಭುಜದ ಮೇಲಿನಿಂದ ಒಳಗೆ ಇಣುಕಿ. "ಅಂಬಮ್ಮ ಮೇಡಮ್ಮಾರು ಅದಾರೇನ್ರಿ?"

ಒಳಗಿನಿಂದ ಕೀಯ ಸದ್ದು ಕೇಳಿತು, ಹಿಂದೆಯೇ ದನಿ.

"ಅವರನ್ನ ಒಳಗ ಕುಂಡ್ರಿಸ್ರಿ, ನಾ ಬಂದೆ. ನೀವು ಅಷ್ಟೊತ್ತಿಗೆ ಒಂದೀಟು ಚಾ ಇಡ್ರಿ."